ಮಕ್ಕಳೊಡನೆ ಒಂದು ಮೈಲಿ



ಡಿಸೆಂಬರ್ ಬಂತೆಂದರೆ ಮುಂಬಯಿಯ ಶಾಲೆಗಳಲ್ಲಿ ಪಿಕ್‌ನಿಕ್ಕಿನ ಗಡಿಬಿಡಿ. ನಿಮ್ಮ ಮನೆಗೂ ಸುತ್ತೋಲೆ ಬಂದಿರಬಹುದು. ಬೆಳಿಗ್ಗೆ ಆರಕ್ಕೆ ಗೇಟಿನ ಬಳಿ ಹಾಜರಿರಬೇಕು, ಇಷ್ಟು ಹಣ ಕಟ್ಟಬೇಕು, ಟವೆಲ್ ಮರೆಯಬಾರದು. ಎರಡು ಗಂಟೆ ಬಸ್ಸು, ನೀರಿನ ಜಾರುಬಂಡೆ, ಪಾವ್‌ಭಾಜಿ, ಮತ್ತೆ ಎರಡು ಗಂಟೆ ಬಸ್ಸು. ಮಗು ನಿದ್ದೆಗಣ್ಣಿನಲ್ಲಿ ಮನೆ ಸೇರುತ್ತದೆ. ಏನು ನೋಡಿದೆ ಮಗಾ ಎಂದರೆ "ಮಜಾ ಬಂತು" ಎನ್ನುತ್ತದೆ. ಮಜಾ ಬರಲಿ, ಬೇಡವೆನ್ನಲು ನಾನು ಯಾರು? ಆದರೆ ಅದೇ ಮಗುವಿಗೆ ತಾನು ದಿನಾ ವ್ಯಾನಿನಲ್ಲಿ ಹಾದುಹೋಗುವ ಬೀದಿಯ ಹೆಸರು ಕೇಳಿ ನೋಡಿ. ಮನೆಯಿಂದ ಸ್ಟೇಷನ್ನಿಗೆ ದಾರಿ ಯಾವುದು ಎಂದು ಕೇಳಿ ನೋಡಿ. ಬಿಲ್ಡಿಂಗಿನ ಕೆಳಗೆ ವ್ಯಾನು ಹತ್ತಿ ಶಾಲೆಯ ಗೇಟಿನಲ್ಲಿ ಇಳಿಯುವ ಮಗುವಿಗೆ ನಡುವಿನ ಊರೆಲ್ಲ ಕಿಟಕಿಯಾಚೆ ಓಡುವ ಚಿತ್ರ, ಅಷ್ಟೇ.

ಊರು ಎಂಬ ಮಾತು ಬಂತು. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ "ನಿಮ್ಮ ಊರು ಯಾವುದು?" ಎಂದು ಕೇಳಿದರೆ ಕುಂದಾಪುರ, ಕಾರವಾರ, ಧಾರವಾಡ, ಮೂಡಬಿದಿರೆ ಎಂದು ಉತ್ತರ ಬರುತ್ತದೆ. ಹುಟ್ಟಿದ್ದು, ಬೆಳೆಯುತ್ತಿರುವುದು, ಜ್ವರ ಬಂದರೆ ಡಾಕ್ಟರ ಬಳಿಗೆ ಹೋಗುವುದು ಎಲ್ಲ ಮುಂಬಯಿಯಲ್ಲಿ. ಆದರೆ ಮುಂಬಯಿ ಎಂದು ಒಂದು ಮಗುವೂ ಹೇಳುವುದಿಲ್ಲ. ತಪ್ಪು ಮಕ್ಕಳದಲ್ಲ, ನಮ್ಮ ಮಾತಿನದು. "ಊರಿಗೆ ಹೋಗಬೇಕು", "ಊರಿನ ಕುಚ್ಚಲಕ್ಕಿ", "ಊರಿಂದ ಫೋನು" ಎನ್ನುವಾಗ ಊರು ಎಂಬುದು ಯಾವತ್ತೂ ಬೇರೆಲ್ಲೋ ಇರುವ ಜಾಗ. ನಮಗಾದರೋ ಆ ಬೇರೆಲ್ಲೋ ಕಾಲಿಗೆ ಗೊತ್ತಿತ್ತು. ಗದ್ದೆಯ ಬದು, ದೇವಸ್ಥಾನದ ಮೆಟ್ಟಿಲು, ಶಾಲೆಗೆ ಹೋಗುವ ಒಳದಾರಿ ಎಲ್ಲ ನಡೆದೇ ಗೊತ್ತಾದದ್ದು. ನಮ್ಮ ಮಕ್ಕಳಿಗೆ ಮೇ ತಿಂಗಳ ಎರಡು ವಾರದ ಊರೂ ಕಾಲಿಗೆ ಗೊತ್ತಿಲ್ಲ, ಹನ್ನೊಂದೂವರೆ ತಿಂಗಳ ಊರೂ ಗೊತ್ತಿಲ್ಲ. ಎರಡು ಊರು ಇದ್ದೂ ಒಂದೂ ಇಲ್ಲದ ಹಾಗೆ.

ಈ ಕಾರಣಕ್ಕಾಗಿ ತರಗತಿಯ ಚಿಕ್ಕ ಮಕ್ಕಳನ್ನು ಮಾಟುಂಗಾದಲ್ಲಿ ಕಾಲುನಡಿಗೆಯಲ್ಲಿ ಕರೆದುಕೊಂಡು ಹೋಗುವುದನ್ನು ಶುರುಮಾಡಿದೆವು. ಒಂದರಿಂದ ನಾಲ್ಕನೆಯ ತರಗತಿಯ ಹದಿನೆಂಟು ಮಕ್ಕಳು, ಐದು ಮಂದಿ ಹಿರಿಯರು. ದಾರಿ ಒಂದು ಮೈಲಿಯೊಳಗೆ, ಹೊತ್ತು ಎರಡೂವರೆ ಗಂಟೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳಾಗಿ ಹೇಳುತ್ತೇನೆ, ಈ ವಯಸ್ಸಿನವರಿಗೆ ಒಂದು ಮೈಲಿ ಧಾರಾಳವಾಯಿತು. ಹೆಚ್ಚು ತೋರಿಸುವ ಆಸೆ ದೊಡ್ಡವರದು. ಮಕ್ಕಳಿಗೆ ಬೇಕಾದದ್ದು ಹೆಚ್ಚು ಹೊತ್ತು ನಿಲ್ಲುವುದು.

ತಾಯಂದಿರ ಮೊದಲ ಮಾತು ಏನಿತ್ತೆಂದು ನೀವೇ ಊಹಿಸಬಲ್ಲಿರಿ. "ಟೀಚರ್, ಈ ಟ್ರಾಫಿಕ್ಕಿನಲ್ಲಿಯೇ?" ಈ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಮುಂಬಯಿಯ ಫುಟ್‌ಪಾತು ನಡೆಯುವವರಿಗಾಗಿ ಎನ್ನುವುದು ಹೆಸರಿಗೆ ಮಾತ್ರ. ಅರ್ಧ ಸ್ಕೂಟರು, ಉಳಿದರ್ಧ ಅಗೆದ ಗುಂಡಿ. ಭಯ ಸರಿಯಾದದ್ದೇ, ಆದರೆ ಅದಕ್ಕೆ ಉಪಾಯ ಮಗುವನ್ನು ವ್ಯಾನಿನಿಂದ ಇಳಿಸದೇ ಇರುವುದಲ್ಲ. ಹದಿನಾಲ್ಕು ವರ್ಷಕ್ಕೆ ಒಮ್ಮೆಲೇ ಕ್ಲಾಸಿಗೆ ಒಬ್ಬನೇ ಹೋಗು ಎಂದು ರಸ್ತೆಗೆ ಬಿಟ್ಟಾಗ ದಾಟುವುದನ್ನು ಯಾರು ಕಲಿಸಿರುತ್ತಾರೆ?

ನಾವು ಪಾಲಿಸಿದ ಕ್ರಮ ಹೇಳುತ್ತೇನೆ, ನಿಮ್ಮ ಶಾಲೆಯ ಟೀಚರಿಗೂ ತಿಳಿಸಿ. ವಾರದ ಹಿಂದೆ ಅದೇ ವಾರ, ಅದೇ ಹೊತ್ತಿಗೆ ಹಿರಿಯರಿಬ್ಬರು ಇಡೀ ದಾರಿ ನಡೆದು ನೋಡಬೇಕು. ಶೌಚಾಲಯ ಎಲ್ಲಿದೆ, ಯಾವ ತಿರುವಿನಲ್ಲಿ ಫುಟ್‌ಪಾತು ಮುಗಿಯುತ್ತದೆ, ಬಿಸಿಲು ಯಾವ ಕಡೆ ಎಂದು ಬರೆದಿಟ್ಟುಕೊಳ್ಳಬೇಕು. ನಾಲ್ಕು ಮಕ್ಕಳಿಗೆ ಒಬ್ಬ ಹಿರಿಯರು ಅವಶ್ಯ, ಮತ್ತು ಆ ನಾಲ್ವರ ಹೆಸರು ಅವರ ಬಾಯಲ್ಲಿರಬೇಕು. ಮಕ್ಕಳು ಇಬ್ಬಿಬ್ಬರಾಗಿ ಕೈಹಿಡಿದು ಗೋಡೆಯ ಕಡೆ, ದೊಡ್ಡವರು ರಸ್ತೆಯ ಕಡೆ. ದಾಟುವಾಗ ಒಬ್ಬರು ಮೊದಲು ಆಚೆ ಹೋಗಿ ನಿಲ್ಲಬೇಕು, ಒಬ್ಬರು ಕೊನೆಯ ಮಗುವಿನ ಹಿಂದೆ ಬರಬೇಕು. ಸಿಗ್ನಲ್ ಅರ್ಧದಲ್ಲಿದ್ದರೆ ಮುಂದಿನದಕ್ಕೆ ಕಾಯಬೇಕು. ಪ್ರತಿ ನಿಲುಗಡೆಯಲ್ಲೂ ಎಣಿಕೆ. ಜೇಬಿನಲ್ಲಿ ಮನೆಯ ಫೋನ್ ನಂಬರಿನ ಚೀಟಿ. ಇನ್ನು ಹಿರಿಯರ ಮೊಬೈಲು ಚೀಲದೊಳಗೇ ಇರಲಿ. ಫೋಟೋ ತೆಗೆಯುವ ಕಣ್ಣು ಮಕ್ಕಳನ್ನು ಕಾಯಲಾರದು. ಈ ಒಂದು ವಿಷಯದಲ್ಲಿ ನಾನು ನಿಷ್ಠುರಿ.

ಮಾಟುಂಗಾ ಸೆಂಟ್ರಲ್ ಸ್ಟೇಷನ್ನಿನಿಂದ ಆರಂಭ. ಪ್ಲಾಟ್‌ಫಾರ್ಮ್ ಟಿಕೆಟು ತೆಗೆದೇ ಒಳಗೆ ಹೋದೆವು. ಹಾಗೇ ನುಗ್ಗುವುದನ್ನು ನಾವೇ ಕಲಿಸಬಾರದಲ್ಲ. ಸೇತುವೆಯ ಮೇಲೆ ನಿಂತು ರೈಲು ನೋಡುವುದೇ ಕೆಲಸ. ಒಂದು ಗಾಡಿ ನಿಲ್ಲುತ್ತದೆ, ಇನ್ನೊಂದು ಧಡಧಡ ಎಂದು ಹೋಗಿಯೇ ಬಿಡುತ್ತದೆ. ಯಾಕೆ? ಅರ್ಧ ಮಕ್ಕಳಿಗೆ ಸ್ಲೋ, ಫಾಸ್ಟ್ ಎಂಬ ಶಬ್ದ ಗೊತ್ತಿತ್ತು, ಅದಕ್ಕೆ ಬೇರೆ ಬೇರೆ ಹಳಿ ಇರುವುದು ಗೊತ್ತಿರಲಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಈ ದಾರಿಯಾಗಿಯೇ ಹೋದದ್ದು ಎಂದೆ. 34 ಕಿಲೋಮೀಟರು, 14 ಡಬ್ಬಿ, ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನು. ಇಸವಿಯನ್ನು ಅವರು ಮರುಕ್ಷಣವೇ ಮರೆತರು. ಎಂಜಿನುಗಳ ಹೆಸರು ಮಾತ್ರ ದಾರಿಯುದ್ದಕ್ಕೂ ಹಾಡಾಯಿತು. 2017ರ ಜುಲೈಯಲ್ಲಿ ಈ ಸ್ಟೇಷನ್ನು ಪೂರ್ತಿಯಾಗಿ ಮಹಿಳೆಯರ ಕೈಗೆ ಬಂತು, ಉಪನಗರ ರೈಲಿನಲ್ಲಿ ಅಂಥ ಮೊದಲ ಸ್ಟೇಷನ್ ಇದು ಎಂದಾಗ ಹುಡುಗಿಯರ ಮುಖ ನೋಡಬೇಕಿತ್ತು.

ಹೊರಗೆ ಬಂದರೆ ಮಾರುಕಟ್ಟೆ, ಹೂವಿನ ಸಾಲು. ಇಲ್ಲಿ ಇಪ್ಪತ್ತು ನಿಮಿಷ ಎಂದು ಲೆಕ್ಕ ಹಾಕಿದ್ದೆವು, ಮುಕ್ಕಾಲು ಗಂಟೆಯಾಯಿತು. ಬೆಳಗಿನ ಹೊತ್ತು ಮಲ್ಲಿಗೆ, ಸೇವಂತಿಗೆ, ತುಳಸಿ, ಮರುಗ ಎಲ್ಲ ನೀರು ಚಿಮುಕಿಸಿಕೊಂಡು ಕುಳಿತಿರುತ್ತವೆ. ಕೇಸರಿ ಬಣ್ಣದ ಒಂದು ಹೂವನ್ನು ತೋರಿಸಿ ಹೆಸರು ಕೇಳಿದೆ. ಧಾರವಾಡದ ಹುಡುಗಿ ಅಬ್ಬಲಿಗೆ ಎಂದಳು, ಬೆಂಗಳೂರಿನ ಅಜ್ಜಿಯಿದ್ದ ಹುಡುಗ ಕನಕಾಂಬರ ಎಂದ, ಪಕ್ಕದಲ್ಲಿ ಕೊಳ್ಳುತ್ತಿದ್ದ ಮರಾಠಿ ಮಹಿಳೆ ನಕ್ಕು ಅಬೋಲಿ ಎಂದರು. ಅಬ್ಬಲಿಗೆಯೂ ಅಬೋಲಿಯೂ ಅಕ್ಕತಂಗಿಯರ ಹಾಗೆ ಕೇಳಿಸುತ್ತವೆ ಎಂದು ಕಂಡುಹಿಡಿದವನು ಎರಡನೆಯ ತರಗತಿಯವನು. ವರ್ಗದಲ್ಲಿ ಕುಳಿತು ನಾನು ಹೇಳಿದ್ದರೆ ಅವನ ಕಿವಿಗೇ ಬೀಳುತ್ತಿರಲಿಲ್ಲ.

ನಿಜವಾದ ಪಾಠ ನಡೆದದ್ದು ಅಳತೆಯಲ್ಲಿ. ಹೂ ಮಾರುವಾಕೆ ತಮಿಳಿನವರು. ಮಾಲೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಕತ್ತರಿಸಿದರು. ಅವರಿಗೆ ಅದು ಮುಳಂ, ನಮಗೆ ಮೊಳ. ಒಬ್ಬ ಹುಡುಗ ಕೈಚಾಚಿ ತನ್ನ ಕೈಯಲ್ಲೂ ಅಳೆಯಲು ಕೇಳಿದ. ಮೌಶಿ ಅಳೆದರು, ಅವರ ಒಂದು ಮೊಳ ಅವನಿಗೆ ಒಂದೂಕಾಲು ಮೊಳಕ್ಕಿಂತ ಹೆಚ್ಚಾಯಿತು. "ಹಾಗಾದರೆ ಉದ್ದ ಕೈಯವರ ಹತ್ತಿರವೇ ಹೂ ತಗೋಬೇಕು!" ಎಂದು ಘೋಷಿಸಿದ. ಮೌಶಿಗೆ ಎಷ್ಟು ನಗು ಬಂತೆಂದರೆ ಗಿರಾಕಿಗಳು ಕಾಯಬೇಕಾಯಿತು. ಮೊಳ, ಗೇಣು, ಮಾರು ಎಲ್ಲ ಅಲ್ಲೇ ಬಂದವು. ನಾಲ್ಕು ಮೊಳಕ್ಕೆ ಒಂದು ಮಾರು, ಎರಡೂ ಕೈ ಚಾಚಿದರೆ ಒಂದು ಮಾರು. ಚಾಚಿದ ಕೈಗಳ ಉದ್ದವೂ ನಮ್ಮ ಎತ್ತರವೂ ಹೆಚ್ಚುಕಡಿಮೆ ಒಂದೇ ಎಂದೆ. ನಂಬಲಿಲ್ಲ. ಮೌಶಿ ಕೊಟ್ಟ ಬಾಳೆನಾರಿನಲ್ಲಿ ಒಬ್ಬರನ್ನೊಬ್ಬರು ಅಳೆದು ನೋಡಿಯೇ ನಂಬಿದರು. ಪಾಠಪುಸ್ತಕದಲ್ಲಿ ಸೆಂಟಿಮೀಟರ್ ಯಾಕೆ ಬೇಕಾಯಿತು ಎಂಬುದನ್ನು ಆಮೇಲೆ ಯಾರೂ ಅವರಿಗೆ ವಿವರಿಸಬೇಕಾಗಿ ಬರಲಿಲ್ಲ.

ಜಪಾನಿನ ತೆತ್ಸುಕೋ ಕುರೊಯಾನಗಿಯವರ 'ತೊತ್ತೋ ಚಾನ್' ನಿಮ್ಮಲ್ಲಿ ಅನೇಕರು ಓದಿರಬಹುದು. 1981ರಲ್ಲಿ ಪ್ರಕಟವಾದ ಪುಸ್ತಕ, ಕನ್ನಡಕ್ಕೂ ಬಂದಿದೆ. ಅದರಲ್ಲಿ ಕೊಬಾಯಾಶಿ ಎಂಬ ಹೆಡ್‌ಮಾಸ್ಟರರ ಶಾಲೆಯಲ್ಲಿ ಮಕ್ಕಳು ಬೆಳಗಿನ ಪಾಠ ಚೆನ್ನಾಗಿ ಮುಗಿಸಿದರೆ ಮಧ್ಯಾಹ್ನ ನಡಿಗೆ. ಹಳದಿ ಹೂವಿನ ಗದ್ದೆಯ ಬಳಿ ನಿಂತು ಟೀಚರು ಕೇಸರ ತೋರಿಸುತ್ತಾರೆ, ದೇವಾಲಯದ ಬಾವಿಯ ಕತೆ ಹೇಳುತ್ತಾರೆ. ಮಕ್ಕಳು ಆಟವೆಂದುಕೊಂಡಿರುತ್ತಾರೆ, ಅಷ್ಟರಲ್ಲಿ ವಿಜ್ಞಾನವೂ ಚರಿತ್ರೆಯೂ ಆಗಿಹೋಗಿರುತ್ತದೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಆರರಿಂದ ಎಂಟನೆಯ ತರಗತಿಯವರಿಗೆ ಚೀಲವಿಲ್ಲದ ಹತ್ತು ದಿನಗಳ ಮಾತಿದೆ. ನನ್ನನ್ನು ಕೇಳಿದ್ದರೆ ಅದನ್ನು ಒಂದನೆಯ ತರಗತಿಯಿಂದಲೇ ಇಡಿ ಎನ್ನುತ್ತಿದ್ದೆ. ಆರನೆಯ ತರಗತಿಗೆ ಬರುವಷ್ಟರಲ್ಲಿ ಮಕ್ಕಳು ಮೌಶಿಯ ಬಳಿ ಕೈಚಾಚಲು ನಾಚುತ್ತಾರೆ.

ಸ್ಟೇಷನ್ನಿನ ಎದುರಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಹೊರಗಿನಿಂದಲೇ ತೋರಿಸಿದೆವು, ಊಟದ ಹೊತ್ತಾಗಿರಲಿಲ್ಲ. 1942ರಿಂದ ಬಾಳೆಲೆ ಹಾಕುತ್ತಿರುವ ಮನೆ ಅದು. ತಿಂಡಿಗೆ ಬೇರೊಂದು ಹೋಟೆಲಿನಲ್ಲಿ ಮೊದಲೇ ಮಾತಾಡಿಟ್ಟಿದ್ದೆವು. ಗಲ್ಲೆಯಲ್ಲಿ ಕುಳಿತ ಹಿರಿಯರು ನಾಲ್ಕು ನಾಲ್ಕು ಮಕ್ಕಳಂತೆ ಅಡಿಗೆಮನೆಯ ಬಾಗಿಲವರೆಗೆ ಬಿಟ್ಟರು. ಉದ್ದಿನ ಹಿಟ್ಟು ರಾತ್ರಿಯಿಡೀ ಉಬ್ಬಿ ಪಾತ್ರೆಯ ಅಂಚಿಗೆ ಬಂದದ್ದನ್ನು ಭಟ್ಟರು ಸೌಟಿನಲ್ಲಿ ಎತ್ತಿ ತೋರಿಸಿದರು. ಹಿಂದೆ ಇಂಥ ಹೋಟೆಲುಗಳಲ್ಲಿ ನಿಮಗಿಂತ ಸ್ವಲ್ಪವೇ ದೊಡ್ಡ ಹುಡುಗರು ಹಗಲಿಡೀ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು ಎಂದೆ. ಒಬ್ಬಳು ಇಡ್ಲಿ ಕೈಯಲ್ಲಿ ಹಿಡಿದೇ "ಅವರಿಗೆ ನಿದ್ದೆ ಬರುತ್ತಿರಲಿಲ್ಲವಾ?" ಎಂದಳು. ಬರುತ್ತಿತ್ತು ಎಂದು ಗಲ್ಲೆಯಿಂದಲೇ ಉತ್ತರ ಬಂತು. ಆ ಹಿರಿಯರೂ ಫೋರ್ಟಿನ ರಾತ್ರಿಶಾಲೆಯವರಂತೆ. ಇದನ್ನು ನಾವು ಏರ್ಪಡಿಸಿದ್ದಲ್ಲ.

ಅಲ್ಲಿಂದ ಭಾವು ದಾಜಿ ರಸ್ತೆ. ಇಲ್ಲಿ ರಸ್ತೆ ಅಗಲ, ಮರ ದಟ್ಟ. ನೆರಳಿನಲ್ಲಿ ನಿಲ್ಲಿಸಿ ಯಾಕೆ ಅಗಲ ಎಂದು ಕೇಳಬಹುದು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಗಾಳಿಬೆಳಕಿಲ್ಲದ ಕಿಷ್ಕಿಂಧೆಯಂಥ ಗಲ್ಲಿಗಳಲ್ಲಿ ಜನ ಸತ್ತರು. 1898ರಲ್ಲಿ ಸುಧಾರಣಾ ಟ್ರಸ್ಟು ಆಯಿತು; ದಾದರ್, ಮಾಟುಂಗಾಗಳನ್ನು ನಕ್ಷೆ ಹಾಕಿ ಕಟ್ಟಿದ್ದು ಆ ಟ್ರಸ್ಟಿನ ಕಾಲದಲ್ಲಿ. ರಸ್ತೆಗೆ ಹೆಸರಾದ ಭಾವು ದಾಜಿ ಲಾಡರು ವೈದ್ಯರು, ಹಳೆಯ ಶಾಸನ ಓದಿದವರು. ಬೈಖಲದ ಮ್ಯೂಸಿಯಂ ಕೂಡ ಅವರ ಹೆಸರಿನದೇ. ಇಷ್ಟು ಸಾಕು. ಹಳೆಯ ಮೂರು ಮಹಡಿಯ ಕಟ್ಟಡಗಳ ಹೆಸರು ಓದುತ್ತಾ ನಡೆಯುವುದು ಮಕ್ಕಳಿಗೆ ಇನ್ನೂ ಹಿಡಿಸಿತು. ಒಂದೊಂದೇ ಕೆಡವಿ ಗೋಪುರ ಏಳುತ್ತಿರುವ ಕಾರಣ ಓದಲು ಸಿಕ್ಕುವಷ್ಟು ದಿನ ಓದಲಿ.

ಇದೇ ರಸ್ತೆಯಲ್ಲಿ ಮೈಸೂರು ಅಸೋಸಿಯೇಶನ್. 1926ರದು. "ಕರ್ನಾಟಕ ಅಂತ ಯಾಕಿಲ್ಲ ಟೀಚರ್?" ಈ ಪ್ರಶ್ನೆ ಬರಲೆಂದೇ ಕಾಯುತ್ತಿದ್ದೆ. ಆಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. 1956ರ ನವೆಂಬರ್ 1ರಂದು ಒಂದಾಯಿತು, 1973ರ ನವೆಂಬರ್ 1ರಂದು ಹೆಸರು ಬಂತು. ಆಮೇಲೆ ಹುಡುಗರನ್ನು ಮೂರು ಗುಂಪು ಮಾಡಿ ನಿಲ್ಲಿಸಿದೆ. ಮೈಸೂರು, ತುಮಕೂರಿನವರು ಇಲ್ಲಿ, ನೀವು ಮಹಾರಾಜರ ಮೈಸೂರಿನವರು. ಉಡುಪಿ, ಕುಂದಾಪುರದವರು ಅಲ್ಲಿ, ನೀವು ಮದರಾಸಿನವರು. ಧಾರವಾಡ, ಕಾರವಾರದವರು ನನ್ನ ಪಕ್ಕಕ್ಕೆ ಬನ್ನಿ, ನೀವು ಮುಂಬಯಿ ಪ್ರಾಂತ್ಯದವರು. ಕಾರವಾರದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಂದರೆ ನಮ್ಮ ಮುತ್ತಜ್ಜ ಬೇರೆ ಊರಿಗೆ ಬಂದದ್ದಲ್ಲ?" ಅಲ್ಲ ಮಗಾ, ತನ್ನದೇ ರಾಜಧಾನಿಗೆ ಬಂದದ್ದು ಎಂದೆ. ನನಗೆ ಆ ದಿನದ ನಡಿಗೆ ಅಲ್ಲಿಗೇ ಸಾರ್ಥಕವಾಗಿತ್ತು, ಆದರೆ ಮಕ್ಕಳಿಗೆ ಮುಂದಿನ ಐಸ್ ಕ್ಯಾಂಡಿ ಕಾಣುತ್ತಿತ್ತು. (ಕೊಡಿಸಲಿಲ್ಲ. ದಾರಿಯಲ್ಲಿ ಖರೀದಿ ಇಲ್ಲವೆಂಬ ಕರಾರು ಮೊದಲೇ ಆಗಿತ್ತು.)

ಕಿಂಗ್ಸ್ ಸರ್ಕಲ್, ಅಂದರೆ ಈಗಿನ ಮಹೇಶ್ವರಿ ಉದ್ಯಾನ. ಇಲ್ಲಿಯೂ ಸಮೀಪದ ಗಾಂಧಿ ಮಾರ್ಕೆಟಿನಲ್ಲೂ ಜೋರು ಮಳೆಗೆ ನೀರು ನಿಲ್ಲುವುದು ನಿಮಗೆ ಟಿವಿಯಿಂದಲಾದರೂ ಗೊತ್ತು. ತಗ್ಗು ಎಂದರೇನು ಎಂದು ನಿಂತು ನೋಡಿದರೆ ಮಕ್ಕಳಿಗೇ ತಿಳಿಯುತ್ತದೆ. ಸುತ್ತಲಿನ ರಸ್ತೆಗಳು ಯಾವ ಕಡೆಗೆ ಇಳಿಯುತ್ತವೆ ನೋಡಿ ಎಂದರೆ ಸಾಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು ಎಂದು ಹೇಳಿದೆ. ಯಾರ ಮುಖದಲ್ಲೂ ಏನೂ ಬದಲಾಗಲಿಲ್ಲ. ಅಂಗಡಿಯೊಬ್ಬರನ್ನು ಕೇಳಿದೆವು. ಅವರು ಹೊರಗೆ ಬಂದು ಕಂಬದ ಮೇಲೆ ಕೈಯಿಟ್ಟು ನೀರು ಎಲ್ಲಿಯವರೆಗೆ ಬಂದಿತ್ತೆಂದು ತೋರಿಸಿದರು. ಸಣ್ಣವರು ಒಬ್ಬೊಬ್ಬರಾಗಿ ಹೋಗಿ ಆ ಕೈಯ ಕೆಳಗೆ ನಿಂತು ಬಂದರು. ಮೂವರ ತಲೆ ಕೈಗಿಂತ ಕೆಳಗಿತ್ತು. ಆಮೇಲೆ ಸ್ವಲ್ಪ ದೂರ ಯಾರೂ ಗಲಾಟೆ ಮಾಡಲಿಲ್ಲ.

ಇಡೀ ದಾರಿಯಲ್ಲಿ ಕಷ್ಟದ್ದು ಅಂಬೇಡ್ಕರ್ ರಸ್ತೆ ದಾಟುವುದು. ಎರಡು ಸಿಗ್ನಲ್ ಬಿಟ್ಟು ಮೂರನೆಯದಕ್ಕೆ ದಾಟಿದೆವು. ದಾಟಿದರೆ ಫ್ಲೈಓವರಿನ ಕೆಳಗೆ 2016ರಲ್ಲಿ ತೆರೆದ ತೋಟ. ಕೆಳಗಿನ ಜಾಗ ಪಾರ್ಕಿಂಗ್ ಆಗಬಾರದೆಂದು ಸ್ಥಳೀಯರು ಪಟ್ಟುಹಿಡಿದದ್ದರಿಂದ ಆದದ್ದು. ಅದರ ನಡೆಯುವ ದಾರಿಯನ್ನು ನರ್ಮದೆಯ ಹರಿವಿನ ಆಕಾರದಲ್ಲೇ ಮಾಡಿದ್ದಾರೆ. ಅಮರಕಂಟಕದಿಂದ ಖಂಭಾತ್ ಕೊಲ್ಲಿಯವರೆಗೆ ಸುಮಾರು 1,300 ಕಿಲೋಮೀಟರಿನ ನದಿಯನ್ನು ನಮ್ಮ ಮಕ್ಕಳು ಕೆಲವೇ ನಿಮಿಷದಲ್ಲಿ ಓಡಿ ಮುಗಿಸಿದರು, ಮೇಲೆ ಲಾರಿಗಳ ಗುಡುಗು. ಇಲ್ಲಿ ಕೈ ಬಿಟ್ಟು ಓಡಲು ಅನುಮತಿ ಇತ್ತು. ಎರಡು ಗಂಟೆ ಕೈಹಿಡಿದು ನಡೆದವರಿಗೆ ಅದು ಸಿಗಲೇಬೇಕು.

ಶಿಕ್ಷಕರಿಗೊಂದು ಬಿನ್ನಹ. ಮರುದಿನ "ನನ್ನ ಪ್ರವಾಸ" ಎಂದು ಹತ್ತು ಸಾಲಿನ ಪ್ರಬಂಧ ಬರೆಸಬೇಡಿ. ಎಲ್ಲರೂ "ನಮಗೆ ಬಹಳ ಆನಂದವಾಯಿತು" ಎಂದೇ ಬರೆಯುತ್ತಾರೆ. ನಾವು ದೊಡ್ಡ ಕಾಗದ ಹರಡಿ ನಡೆದ ದಾರಿಯ ನಕ್ಷೆ ಬಿಡಿಸಿ ಎಂದೆವು. ಒಬ್ಬರ ನಕ್ಷೆಯಲ್ಲಿ ಸ್ಟೇಷನ್ನಿಗಿಂತ ಹೂವಿನಂಗಡಿಯ ಬೆಕ್ಕು ದೊಡ್ಡದು. ಒಬ್ಬರದರಲ್ಲಿ ರಸ್ತೆಯೇ ಇಲ್ಲ, ಬರೀ ಹೋಟೆಲು. ತಿದ್ದಲಿಲ್ಲ. ಅದಾದ ಮೂರು ವಾರಕ್ಕೆ ಒಬ್ಬ ತಾಯಿ ಫೋನ್ ಮಾಡಿ, ಮಗಳು ರಿಕ್ಷಾದವನಿಗೆ "ಎಡಕ್ಕೆ ತೆಗೆದುಕೊಳ್ಳಿ, ಅಲ್ಲಿ ಹತ್ತಿರವಾಗುತ್ತದೆ" ಎಂದು ಮರಾಠಿಯಲ್ಲಿ ದಾರಿ ಹೇಳಿದಳು ಎಂದರು. ಸಿಟ್ಟೋ ಹೆಮ್ಮೆಯೋ ದನಿಯಲ್ಲಿ ಗೊತ್ತಾಗಲಿಲ್ಲ.

ನಿಮ್ಮ ಮನೆ ಮುಲುಂಡಿನಲ್ಲಿರಲಿ, ಬೊರಿವಲಿಯಲ್ಲಿರಲಿ, ಮಾಟುಂಗಾಕ್ಕೇ ಬರಬೇಕೆಂದಿಲ್ಲ. ಒಂದು ಸ್ಟೇಷನ್, ಒಂದು ಮಾರ್ಕೆಟ್, ಒಬ್ಬ ಮಾತುಗಾರ ಅಂಗಡಿಯವರು, ಓಡಲು ಸ್ವಲ್ಪ ಜಾಗ ಇಷ್ಟು ಎಲ್ಲ ಕಡೆಯೂ ಸಿಗುತ್ತದೆ. ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ ಕೇಳಿ, ಆಮೇಲೆ ನೀವು ಸುಮ್ಮನಿರಿ. ಈ ಸುಮ್ಮನಿರುವುದು ನಮ್ಮಂಥ ಟೀಚರುಗಳಿಗೆ ಎಲ್ಲಕ್ಕಿಂತ ಕಷ್ಟ.

ಮುಂದಿನ ನಡಿಗೆ ಜನವರಿಯ ಎರಡನೆಯ ಭಾನುವಾರ, ಬೆಳಿಗ್ಗೆ ಏಳೂವರೆಗೆ, ದಾದರ್ ಕಡೆ. ಸಹಾಯಕ್ಕೆ ಬರುವ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರು ಬೇಕಾಗಿದ್ದಾರೆ. ಮುಖ್ಯವಾಗಿ ಅಜ್ಜಂದಿರು, ಅವರಿಗೆ ಅಂಗಡಿಯವರ ಪರಿಚಯ ಜಾಸ್ತಿ. ಮಕ್ಕಳಿಗೆ ತಿಂಡಿಯ ಡಬ್ಬಿ ಬೇಡ, ನೀರಿನ ಬಾಟಲಿ ಇರಲಿ. ಚಪ್ಪಲಿ ಹಾಕಿಸಿ ಕಳುಹಿಸಬೇಡಿ, ಕಟ್ಟುವ ಬೂಟು ಹಾಕಿಸಿ.